ಪರದೆಯ ಹುಲ್ಲು

ನನ್ನ ಅಕ್ಕ ಸಾಕಿದ್ದ ಜಿಂಕೆಮರಿ ಸತ್ತದ್ದು ನನ್ನಿಂದ. ಬೇಕೆಂದು ಕೊಂದೆ ಅಂತಲ್ಲ. ಆದರೆ ಏನೂ ತಿಳಿಯದೆ ಆಗಿಹೋಯಿತು ಎಂದು ಬರೆದರೆ ಅದೂ ಸುಳ್ಳೇ. ಎಷ್ಟೋ ವರ್ಷ ಆ ಸುಳ್ಳನ್ನೇ ನನಗೆ ನಾನು ಹೇಳಿಕೊಂಡು ಬಂದೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಪರದೆ ಬರೆಯುವವನು. ಕಾಮಸಮುದ್ರದ ಹತ್ತಿರದ ಹಳ್ಳಿಯೊಂದರಲ್ಲಿ, ರಾಗಿ ಬೆಳೆದು ಉಣ್ಣುವವರ ಮನೆಯಲ್ಲಿ ಹುಟ್ಟಿದೆ. ನನಗೆ ಮೂರು ವರ್ಷವಾದಾಗ ಅಮ್ಮ ಹೋದಳು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕನೇ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅವಳನ್ನು ಪಕ್ಕದ ಊರಿಗೇ ಕೊಟ್ಟರು, ಮಕ್ಕಳಾಗಲಿಲ್ಲ. ನಾನು ನೇಗಿಲು ಹಿಡಿಯದೆ ಸಿಕ್ಕ ಗೋಡೆಯ ಮೇಲೆಲ್ಲ ಇದ್ದಿಲಿನಿಂದ ಗೀಚುತ್ತ ತಿರುಗುವುದನ್ನು ಕಂಡು ಅಪ್ಪ ಕೈಯೆತ್ತಿದರೆ, "ಅವನ ಕೈಯಾಗೆ ಏನೋ ಐತೆ, ಬಿಡಪ್ಪಾ" ಎಂದು ಅಡ್ಡ ಬರುತ್ತಿದ್ದವಳೂ ಅವಳೇ.

ಹದಿನೆಂಟಕ್ಕೆ ಮನೆ ಬಿಟ್ಟು ಒಂದು ನಾಟಕದ ಕಂಪನಿ ಸೇರಿದೆ. ಅಲ್ಲಿ ಸೀನಿನ ಪರದೆ ಬರೆಯುತ್ತಿದ್ದ ಮುದುಕರೊಬ್ಬರ ಕೈಕೆಳಗೆ ಏಳೆಂಟು ವರ್ಷ ಕಲಿತೆ. ಅರಮನೆ, ಬೀದಿ, ಕಾಡು, ಸಮುದ್ರ, ಕೈಲಾಸ, ಏನು ಬೇಕಾದರೂ ಬಟ್ಟೆಯ ಮೇಲೆ ಏಳಿಸುವುದು ಬಂತು. ಆಮೇಲೆ ಟೆಂಟು ಸಿನಿಮಾಗಳು ಬಂದವು, ಕಂಪನಿ ಮುರಿದುಬಿತ್ತು. ಗುರುಗಳು ತಮ್ಮ ಊರು ಕುಪ್ಪಂ ಕಡೆಗೆ ಹೋದರು. ನಾನು ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಚಿನ್ನದ ಗಣಿಗಳ ಪಕ್ಕದ ರಾಬರ್ಟ್‌ಸನ್‌ಪೇಟೆಗೆ ಬಂದೆ. ಅಂಗಡಿಗಳ ಬೋರ್ಡು ಬರೆಯುತ್ತಿದ್ದಾಗ ಒಂದು ಫೋಟೋ ಸ್ಟುಡಿಯೋದ ಯಜಮಾನರು ಕರೆದರು. ತಮಿಳಿನವರು, ಮೆತ್ತಗಿನ ಮನುಷ್ಯ. ಅವರ ಸ್ಟುಡಿಯೋ ಬಜಾರಿನಲ್ಲಿ ಮಹಡಿಯ ಮೇಲಿತ್ತು. ಬೆಳಕು ಬೀಳಲೆಂದು ಅರ್ಧ ಚಾವಣಿಗೆ ಗಾಜು ಹೊದಿಸಿದ್ದರು. ಕೂತವರ ಹಿಂದೆ ಇಳಿಬಿಡುವ ಪರದೆ ಹಳತಾಗಿ, ಅದರ ಮೇಲಿನ ಬಂಗಲೆಯ ಮೆಟ್ಟಿಲುಗಳು ಅರ್ಧ ಉದುರಿಹೋಗಿದ್ದವು.

"ಒಂದು ಕಾಡು ಬರೆದುಕೊಡಪ್ಪಾ. ಕೊಳ ಇರಲಿ, ಹಂಸ ಇರಲಿ. ಇಲ್ಲಿ ನೋಡು, ಫೋಟೋದಲ್ಲಿ ಎಲ್ಲಾ ಕರಿ ಬಿಳಿ ತಾನೆ? ಬೂದಿ ಬಣ್ಣದಲ್ಲೇ ಬರೆದುಬಿಡು, ಸಾಕು" ಎಂದರು.

"ಮೊದಲು ಜನ ಕಣ್ಣಲ್ಲಿ ನೋಡ್ತಾರಲ್ಲಾ ಸಾರ್. ಕೂತವರ ಮುಖ ಅರಳಬೇಕು ಅಂದ್ರೆ ಹಸಿರು ಹಸಿರಾಗೇ ಇರಬೇಕು" ಎಂದೆ.

"ಸರಿ, ನಿನ್ನ ಇಷ್ಟಂ" ಎಂದು ನಕ್ಕು ಬಿಟ್ಟುಕೊಟ್ಟರು.

ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ನಿಜವಾದ ಕಾರಣ ನನ್ನ ಜಂಬ. ನಾಟಕ ಮುಳುಗಿದ ಮೇಲೆ ನನ್ನ ಕೈಗೆ ಸಿಕ್ಕ ಮೊದಲ ದೊಡ್ಡ ಬಟ್ಟೆ ಅದು. ಬೂದಿ ಬಳಿದು ಮುಗಿಸಲು ಮನಸ್ಸು ಬರಲಿಲ್ಲ. ಅರಿಶಿನ ಬೆರೆಸಿದ ಹಸಿರು ಗಾಜಿನ ಬಿಸಿಲಿಗೆ ಎರಡೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ನಿಲ್ಲುವ ಹಸಿರು ಬೇಕಾದರೆ ನೀಲಿಗೆ ಹರಿತಾಳ ಅರೆದು ಸೇರಿಸಬೇಕು. ಗ್ರಂಧಿಗೆ ಅಂಗಡಿಯಲ್ಲಿ ಹಳದಿ ಕಲ್ಲಿನ ಹಾಗೆ ಸಿಗುವ ವಸ್ತು ಅದು. ಕಂಪನಿಯಲ್ಲಿದ್ದಾಗ ಗುರುಗಳು ಅದನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅರೆಯುತ್ತಿದ್ದರು. "ಇದಿ ವಿಷಂರಾ" ಎನ್ನುತ್ತಿದ್ದರು ತೆಲುಗಿನಲ್ಲಿ. ಇದು ವಿಷ ಕಣೋ, ಮಗುವಿನ ಕೈಗೆ, ದನದ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಮಾತ್ರ ಹಚ್ಚು ಎಂದು ಒಂದಲ್ಲ, ಹತ್ತು ಸಲ ಹೇಳಿದ್ದರು.

ನಾನು ಅದನ್ನು ನೆಲಕ್ಕೆ ತಾಗುವ ಹುಲ್ಲಿಗೇ ಹಚ್ಚಿದೆ. ಮರಗಳು ಎಷ್ಟೇ ಚೆನ್ನಾಗಿ ಬಂದರೂ ಕಾಲಬುಡದ ಹುಲ್ಲು ಹೊಳೆಯದಿದ್ದರೆ ಚಿತ್ರ ಏಳುವುದಿಲ್ಲ. ಬಣ್ಣ ಹಿಡಿಸಲು ಕುದಿಸಿದ ಅಂಟು ಬೇಸಿಗೆಯಲ್ಲಿ ಬೇಗ ಕೊಳೆತು ನಾರುತ್ತದೆಂದು ಅದಕ್ಕೆ ಒಂದು ಹಿಡಿ ಉಪ್ಪನ್ನೂ ಹಾಕಿದ್ದೆ.

ಪರದೆ ಜನರಿಗೆ ಹಿಡಿಸಿತು. ಹಿಡಿಸದೆ ಏನು? ಫೋಟೋಕ್ಕೆ ಬರುತ್ತಿದ್ದವರು ಹೆಚ್ಚಿನವರು ಮೈಸೂರು ಮೈನ್ಸ್ ಕಡೆಯ ಗಣಿ ಕೂಲಿಗಳ ಲೈನು ಮನೆಗಳವರು. ಮನೆ ಮುಂದೆ ಇನ್ನೊಂದು ಮನೆಯ ತಗಡು, ಅದರಾಚೆ ಗಣಿಯಿಂದ ಬಂದ ಮರಳಿನ ದಿಬ್ಬ. ಸುತ್ತಿನ ಗುಡ್ಡಗಳ ಮರಗಳೆಲ್ಲ ಅವರ ಅಪ್ಪಂದಿರ ಕಾಲದಲ್ಲೇ ಗಣಿಯ ಬಾಯ್ಲರುಗಳಿಗೆ ಸೌದೆಯಾಗಿ ಹೋಗಿದ್ದವು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಂದವಳು ಪರದೆಯ ಮುಂದೆ ಬಹಳ ಹೊತ್ತು ನಿಂತು, "ಇದು ಎಂದ ಊರು?" ಎಂದು ತಮಿಳಿನಲ್ಲಿ ಕೇಳಿದಳು. ಯಾವ ಊರೂ ಅಲ್ಲಮ್ಮಾ ಎಂದೆ. ಅವಳು ನಂಬಲಿಲ್ಲ. ನನಗೆ ಅದೇ ದೊಡ್ಡ ಬಿರುದು.

ದೀಪಾವಳಿಗೆ ಇನ್ನೂ ನಾಲ್ಕು ತಿಂಗಳಿತ್ತು. ಒಂದು ದಿನ ಯಜಮಾನರು, ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಹುಲ್ಲು ತುಂಬಿದ ಹುಲಿ ನಿಲ್ಲಿಸಿದ್ದಾರಂತೆ, ಮಕ್ಕಳು ಮುಗಿಬೀಳುತ್ತಾರಂತೆ ಎಂದರು. "ನಮ್ಮ ಕಾಡಲ್ಲಿ ಒಂದು ಜೀವ ಇದ್ದಿದ್ದರೆ!"

"ನಮ್ಮಕ್ಕನ ಹತ್ರ ಜಿಂಕೆಮರಿ ಇದೆ ಸಾರ್" ಎಂದುಬಿಟ್ಟೆ.

ಇತ್ತು. ಆಗ ನಮ್ಮ ಕಡೆಯ ಗೋಮಾಳದ ಬಯಲಿನಲ್ಲಿ ಜಿಂಕೆಗಳು ಮೂವತ್ತು ನಲವತ್ತರ ಹಿಂಡಾಗಿ ಮೇಯುತ್ತಿದ್ದವು. ಪುಸ್ತಕದವರು ಕೃಷ್ಣಮೃಗ ಅನ್ನುವ ಜಾತಿ. ಊರ ನಾಯಿಗಳು ತಾಯಿಯನ್ನು ಅಟ್ಟಿಕೊಂಡು ಹೋದ ಮೇಲೆ ಹುಲ್ಲಿನಲ್ಲಿ ಮುದುಡಿ ಬಿದ್ದಿದ್ದ ಮರಿಯನ್ನು ಅಕ್ಕ ಸೆರಗಿನಲ್ಲಿ ತಂದಿದ್ದಳು. ಒಂದು ಕಿವಿ ನಾಯಿಯ ಹಲ್ಲಿಗೆ ಸೀಳಿತ್ತು. ಬಟ್ಟೆಯ ಬತ್ತಿಯನ್ನು ಮೇಕೆಯ ಹಾಲಿನಲ್ಲಿ ಅದ್ದಿ ಅದ್ದಿ ಚೀಪಿಸಿ ಬದುಕಿಸಿದಳು. ಅದನ್ನು ಕೂಸು ಎಂದೇ ಕರೆಯುತ್ತಿದ್ದಳು. ಅವಳು ಕಣದಲ್ಲಿದ್ದರೆ ಅದು ಕಣದಲ್ಲಿ, ಅವಳು ಒಲೆಯ ಮುಂದಿದ್ದರೆ ಅದು ಹೊಸ್ತಿಲಲ್ಲಿ.

ನಾನು ಹೋಗಿ ಕೇಳಿದಾಗ ಅವಳು ಹುರುಳಿ ಕೇರುತ್ತಿದ್ದಳು.

"ಯಾಕ್ಲಾ? ಪ್ಯಾಟೆಗೆ ತಗೊಂಡೋಗಿ ಏನ್ ಮಾಡ್ತೀಯ ಅದನ್ನ?"

"ಫೋಟೋದಲ್ಲಿ ನಿಲ್ಲಿಸೋಕೆ ಅಕ್ಕಾ."

"ನಿಲ್ಲು ಅಂದ್ರೆ ನಿಲ್ಲಕ್ಕೆ ಅದೇನ್ ಮನ್ಸನೇನ್ಲಾ? ಅಲ್ಲಿ ಉಲ್ಲಿಲ್ಲ, ಬಯಲಿಲ್ಲ. ಆ ಮಿಸನ್ ಸದ್ದಿಗೇ ಎದೆ ಒಡ್ಕೊಂತದೆ."

"ದೀಪಾವಳಿ ಆಗ್ತಿದ್ದಂಗೆ ನಾನೇ ತಂದು ಬಿಡ್ತೀನಿ. ನನ್ನ ಕೆಲಸ ನಿಲ್ಲೋದು ಇದರ ಮೇಲೇ ಐತೆ" ಎಂದೆ. ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ಹಾಗೆ ಹೇಳಿದರೆ ಅವಳು ಇಲ್ಲವೆನ್ನುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮೊರ ಕೆಳಗಿಟ್ಟು ಮರಿಯನ್ನು ಮಡಿಲಿಗೆ ಎಳೆದುಕೊಂಡಳು. ಮರುದಿನ ತನ್ನ ಹಳೆಯ ಸೀರೆಯನ್ನು ಬುಟ್ಟಿಗೆ ಹಾಸಿ ಮರಿಯನ್ನು ಕೂರಿಸಿ, ಕಾಮಸಮುದ್ರದ ಸ್ಟೇಷನ್ನಿನವರೆಗೂ ತಾನೇ ಹೊತ್ತುಕೊಂಡು ಬಂದಳು. ರೈಲು ಬಂದಾಗ ಹೇಳಿದಳು:

"ಏನ್ ಸಿಕ್ರೂ ನೆಕ್ತದೆ ಕಣ್ಲಾ. ಉಪ್ಪು ಅಂದ್ರೆ ಪ್ರಾಣ ಅದಕ್ಕೆ. ನನ್ ಕೈ ಬೆವ್ರನ್ನೂ ಬಿಡಲ್ಲ. ನೋಡ್ಕೋ."

"ನೋಡ್ಕೊಂತೀನಿ ಬಿಡಕ್ಕಾ" ಎಂದೆ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತಲೇ ಹೆಸರು. ಅಲ್ಲಿ ಇಳಿದು ಗಣಿಯ ರೈಲು ಹಿಡಿಯುವವರೆಗೂ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಅದರ ಎದೆ ಬಡಿಯುವುದು ಬುಟ್ಟಿಯ ಬಿದಿರಿನ ಮೂಲಕ ನನ್ನ ಮೈಗೆ ತಟ್ಟುತ್ತಿತ್ತು.

ಸ್ಟುಡಿಯೋಕ್ಕೆ ಬಂದ ಮೇಲೆ ಮೂರು ದಿನ ಅದು ಮೂಲೆಯಿಂದ ಏಳಲಿಲ್ಲ. ನಾಲ್ಕನೆಯ ದಿನ ಪರದೆಯ ಮುಂದೆ ಬಂದು ನಿಂತಿತು. ಯಜಮಾನರು ಕ್ಯಾಮರಾದ ಕರಿಬಟ್ಟೆಯೊಳಗೆ ತಲೆ ಹಾಕಿದವರು "ಅಡಡಾ!" ಎಂದು ಕೂಗಿದರು. ಆ ವಾರದಿಂದ ಜನ ಮೆಟ್ಟಿಲ ಮೇಲೆ ಸಾಲು ನಿಂತರು. ನಾಮಕರಣದ ಮಕ್ಕಳು, ಹೊಸ ಜೋಡಿಗಳು, ಊರಿಗೆ ಫೋಟೋ ಕಳಿಸಬೇಕೆಂದ ಗಣಿ ಕೆಲಸದ ಗಂಡಸರು, ಎಲ್ಲರಿಗೂ ಜಿಂಕೆ ಬೇಕು. ನನಗೆ ಹೆಮ್ಮೆಯೋ ಹೆಮ್ಮೆ. ಪರದೆಯ ಪಕ್ಕದ ಕಂಬಕ್ಕೆ ಕಟ್ಟಿಹಾಕಿ, ಬೆಳಿಗ್ಗೆ ಸಂಜೆ ಬಜಾರಿನಿಂದ ಹುಲ್ಲು ತಂದು ಹಾಕುತ್ತಿದ್ದೆ. ಒಂದೊಂದು ದಿನ ಗಿರಾಕಿಗಳ ನುಗ್ಗಾಟದಲ್ಲಿ ನೀರಿಡುವುದು ಮರೆಯುತ್ತಿತ್ತು.

ಆರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ನೋಡುತ್ತೇನೆ, ಪರದೆಯ ಕೆಳ ಅಂಚಿನಲ್ಲಿ ಒಂದು ಗೇಣಿನಷ್ಟು ಹುಲ್ಲು ಮಸುಕಾಗಿ ಬಟ್ಟೆ ಕಾಣಿಸುತ್ತಿದೆ. ಒದ್ದೆಯಾದ ನಾಲಗೆಯ ಗೆರೆಗಳು ಒಂದರ ಪಕ್ಕ ಒಂದು. ನನಗೆ ಮೊದಲು ಬಂದದ್ದು ಸಿಟ್ಟು. ಛೆ, ಎಷ್ಟು ಕಷ್ಟಪಟ್ಟು ಎಬ್ಬಿಸಿದ ಹುಲ್ಲು! ಆಮೇಲೆ ಗುರುಗಳ ಮಾತು ನೆನಪಾಯಿತು. ನೆನಪಾಗಲಿಲ್ಲ ಎಂದು ನಾನು ಬಹಳ ಕಾಲ ಹೇಳಿಕೊಂಡೆ. ಆಯಿತು. ಅಲ್ಲೇ ಕುಂಚ ಹಿಡಿದು ಕೂತಿದ್ದಾಗಲೇ, ಅವರ ಧ್ವನಿಯಲ್ಲೇ ನೆನಪಾಯಿತು. ಇಷ್ಟು ಸ್ವಲ್ಪಕ್ಕೆ ಏನಾಗುತ್ತದೆ, ನಾಟಿ ವೈದ್ಯರು ಇದನ್ನೇ ಔಷಧಕ್ಕೂ ಕೊಡುವುದಿಲ್ಲವೇ ಎಂದುಕೊಂಡೆ. ಅದೇ ಬಣ್ಣ ಕಲಸಿ, ಅದೇ ಉಪ್ಪಿನ ಅಂಟು ಬೆರೆಸಿ, ಹುಲ್ಲನ್ನು ಮತ್ತೆ ತಿದ್ದಿದೆ. ಹಗ್ಗವನ್ನು ಒಂದು ಮೊಳ ಗಿಡ್ಡ ಮಾಡಿದೆ, ಅಷ್ಟೆ. ಫೋಟೋ ತೆಗೆಯುವಾಗ ಹೇಗೂ ಹಗ್ಗ ಬಿಚ್ಚಲೇಬೇಕಿತ್ತು. ಹಾಗೆ ಮೂರು ಸಲ ನೆಕ್ಕಿತು, ಮೂರು ಸಲ ತಿದ್ದಿದೆ.

ಅದು ಸೊರಗುತ್ತ ಬಂತು. ಹುಲ್ಲು ಮೂಸಿ ಬಿಡುತ್ತಿತ್ತು. ಬಾಯಲ್ಲಿ ಜೊಲ್ಲು, ಹಿಂಗಾಲಿಗೆಲ್ಲ ಭೇದಿ ಅಂಟಿಕೊಂಡಿತ್ತು. ಬೌರಿಂಗ್‌ಪೇಟೆಯಲ್ಲಿ ದನದ ಡಾಕ್ಟರಿದ್ದಾರೆ, ಕರೆದುಕೊಂಡು ಹೋಗು ಎಂದು ಯಜಮಾನರೇ ಹೇಳಿದರು. ಹಬ್ಬದ ಹೊತ್ತು ಸಾರ್, ಕೆಲಸ ನಿಲ್ಲುತ್ತೆ, ತಾನೇ ಸರಿಹೋಗುತ್ತೆ ಎಂದೆ. ಡಾಕ್ಟರು ಏನು ತಿಂದಿತೆಂದು ಕೇಳಿದರೆ ಏನು ಹೇಳುವುದೆಂಬ ಅಂಜಿಕೆ ನನಗೆ.

ದೀಪಾವಳಿಗೆ ಹತ್ತು ದಿನ ಇರುವಾಗ, ಒಂದು ಮಧ್ಯಾಹ್ನ, ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿ ಜಿಂಕೆಗೆಂದೇ ಸೆರಗಿನಲ್ಲಿ ಸೊಪ್ಪು ಕಟ್ಟಿಕೊಂಡು ಬಂದಿದ್ದಳು. ಮರಿ ಏಳಲಾರದೆ ಮಲಗಿತ್ತು. "ಬೇಡಪ್ಪಾ, ಪಾವಂ" ಎಂದರು ಯಜಮಾನರು. ಹುಡುಗಿಯ ಮುಖ ಚಿಕ್ಕದಾದದ್ದನ್ನು ಕಂಡು ನಾನೇ ಮುಂದೆ ಹೋಗಿ ಅದನ್ನು ಎತ್ತಿ ನಿಲ್ಲಿಸಿದೆ. ಹೊಟ್ಟೆಯ ಕೆಳಗೆ ಕೈ ಕೊಟ್ಟು ಕಾಲುಗಳನ್ನು ಒಂದೊಂದಾಗಿ ನೆಲಕ್ಕೆ ಊರಿಸಿದೆ. ಯಜಮಾನರು ತಲೆಯಾಡಿಸಿದಾಗ ಕೈ ತೆಗೆದು ಪಕ್ಕಕ್ಕೆ ಜಿಗಿದೆ. ಪ್ಲೇಟಿಗೆ ಬೆಳಕು ಬೀಳುವಷ್ಟು ಹೊತ್ತು ಅದು ನಿಂತಿತ್ತು. ಆಮೇಲೆ ಮಂಡಿ ಮಡಿಸಿತು. ಅವರು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಪ್ರಾಣ ಹೋಗಿತ್ತು.

"ಏನ್ ತಿಂದಿತೋ!" ಎಂದರು ಯಜಮಾನರು, ಕಣ್ಣೊರೆಸಿಕೊಂಡು.

"ಗೊತ್ತಿಲ್ಲ ಸಾರ್" ಎಂದೆ.

ಗೋಣಿಯಲ್ಲಿ ಸುತ್ತಿ, ಅಗೆಯಲು ಸುಲಭವೆಂದು ಮರಳು ದಿಬ್ಬದ ಬುಡದಲ್ಲಿ ಹೂತೆ. ಹೂತು ಬಂದವನು ಮೊದಲು ಮಾಡಿದ್ದು ಪರದೆಯ ಕೆಳಗಿನ ಅಂಚನ್ನು ಒಂದೂವರೆ ಮೊಳದಷ್ಟು ಕತ್ತರಿಸಿ ಸುಟ್ಟದ್ದು. ಯಾಕೆಂದು ಯಾರೂ ಕೇಳಲಿಲ್ಲ. ಮುಂದೆ ಬಂದ ಫೋಟೋಗಳಲ್ಲಿ ಆ ಹುಲ್ಲು ಇದ್ದದ್ದಕ್ಕೂ ಇಲ್ಲದ್ದಕ್ಕೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹರಿತಾಳದ ಹಸಿರು ಫೋಟೋದಲ್ಲಿ ಬರಿಯ ಕಪ್ಪು ಮಸಿಯ ಹಾಗೆ ಬಂದಿತ್ತು.

ದೀಪಾವಳಿಗೆ ಅಕ್ಕನ ಊರಿಗೆ ಹೋದೆ. ಅಕ್ಕ ಬಾಗಿಲಲ್ಲೇ ನಿಂತು ನನ್ನ ಹಿಂದೆ ಮುಂದೆ ನೋಡಿದಳು.

"ಕೂಸೆಲ್ಲಿ?"

ದಾರಿಯುದ್ದಕ್ಕೂ ಸತ್ಯವನ್ನೇ ಕಟ್ಟಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬೇರೆಯೇ ಬಂತು. "ಬಿಟ್ಟುಬಿಟ್ಟೆ ಅಕ್ಕಾ. ಸ್ಟೇಷನ್ನಿಂದ ಬರ್ತಾ ಗೋಮಾಳದಾಗೆ ಇಂಡು ಮೇಯ್ತಿತ್ತು. ಇದು ಕಿವಿ ನಿಮಿರಿಸ್ತು, ಬುಟ್ಟಿಯಿಂದ ಚಂಗನೆ ಆರಿ ಓಗಿ ಸೇರ್ಕೊಂತು."

"ತಿರುಗಿ ನೋಡ್ತಾ?"

"ನೋಡ್ತು. ಎರಡು ಸಲ ನಿಂತು ನೋಡ್ತು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತ ನಗುತ್ತ, "ಒಳ್ಳೇದ್ ಮಾಡ್ದೆ ಕಣ್ಲಾ. ನಂಗೇ ಆ ಮನ್ಸು ಬಂದಿರ್ಲಿಲ್ಲ" ಎಂದಳು. ಆವತ್ತು ಅವಳು ಬಡಿಸಿದ ಹೋಳಿಗೆ ನಾನು ತಿಂದೆ. ಎರಡು ತಿಂದೆ.

ಅಲ್ಲಿಂದ ಮುಂದೆ ಅಕ್ಕನಿಗೆ ಒಂದು ರೂಢಿಯಾಯಿತು. ಸಂಜೆ ಕೆಲಸ ಮುಗಿಸಿ ಗೋಮಾಳದ ಅಂಚಿಗೆ ಹೋಗುವಳು. ದೂರದಲ್ಲಿ ಹಿಂಡು ಕಂಡರೆ "ಕೂಸೇ, ಬಾ ಬಾ" ಎಂದು ಕೂಗುವಳು. ಅವು ತಲೆಯೆತ್ತಿ ನೋಡಿ ಓಡುತ್ತಿದ್ದವು. ನಾನು ಊರಿಗೆ ಹೋದಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. "ನೋಡ್ಲಾ, ಆ ಸೀಳು ಕಿವಿದು ನಮ್ಮುದೇ" ಎಂದು ಕೈ ತೋರಿಸುವಳು. ಅಷ್ಟು ದೂರಕ್ಕೆ ಕಿವಿಯೇ ಕಾಣುವುದಿಲ್ಲ. ಹೌದಕ್ಕಾ ಎನ್ನುತ್ತಿದ್ದೆ. ಒಂದು ವರ್ಷ, "ನಮ್ ಕೂಸು ಮರಿ ಆಕೈತೆ" ಎಂದು ಮನೆಮನೆಗೆ ಬೆಲ್ಲ ಹಂಚಿದಳಂತೆ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಂಡು ಇರುತ್ತಿದ್ದೆ. ಆ ಬಯಲಿನಲ್ಲಿ ಬಲೆ ಕಟ್ಟಿ ಜಿಂಕೆ ಹಿಡಿಯುವುದು ನಮ್ಮೂರಿನವರಿಗೆ ಹೊಸತಲ್ಲ. ಅಕ್ಕ ಅದಕ್ಕೆ ಅಡ್ಡ ನಿಂತಳು. ಬಲೆ ಕಟ್ಟುವವರ ಮನೆ ಮುಂದೆ ಹೋಗಿ ಮಣ್ಣು ತೂರಿ ಬೈದಳು. ಭಾವ ಒಂದು ಸಲ ಮಾಂಸದ ಪಾಲು ತಂದಾಗ ಪಾತ್ರೆ ಸಮೇತ ಬೀದಿಗೆ ಎಸೆದು ಮೂರು ದಿನ ಉಪವಾಸ ಕೂತಳು. ಇವಳ ಕಾಟಕ್ಕೆ ಹೆದರಿ ಜನ ಆ ಗೋಮಾಳದ ತಂಟೆ ಬಿಟ್ಟರು. ಒಂದು ಹಿಂಡು ಉಳಿದದ್ದು ನನ್ನ ಸುಳ್ಳಿನ ಮೇಲೆ. ಇದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತೋ ಏನೋ. ನನಗೆ ಅವಳನ್ನು ಕಂಡರೆ ಭಯವಾಗತೊಡಗಿತು. ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ಪೇಟೆಯಲ್ಲೂ ಬಿಡುಗಡೆ ಇರಲಿಲ್ಲ. ಬೋರ್ಡು ಬರೆಯಲು, ಗೋಡೆಗೆ ಬಣ್ಣ ಹೊಡೆಯಲು ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ, ಅದರಲ್ಲಿ ಜಿಂಕೆಮರಿ. ನಾನೇ ಎತ್ತಿ ನಿಲ್ಲಿಸಿದ ಆ ಜೋಡಿಯ ಫೋಟೋವನ್ನೂ ಒಮ್ಮೆ ಕಂಡೆ. ಹುಡುಗಿ ನಗುತ್ತಿದ್ದಳು. ಮರಿ ಅಲುಗಿದ್ದರಿಂದ ಅದರ ಮುಖ ಮಾತ್ರ ಮಸುಕಾಗಿತ್ತು.

ಯುದ್ಧ ಶುರುವಾದ ಮೇಲೆ ಒಂದು ಸಂಕ್ರಾಂತಿಗೆ ಅಕ್ಕ ಹೇಳಿ ಕಳಿಸಿದಳು. ಮನೆಗೆ ಹೊಸದಾಗಿ ಸುಣ್ಣ ಬಳಿಸಿದ್ದಳು. ಪಡಸಾಲೆಯ ಗೋಡೆಯನ್ನು ತೋರಿಸಿ, "ಊರೋರಿಗೆಲ್ಲ ಬರ್ದ್ಕೊಡ್ತೀಯ. ನಂಗೂ ಒಂದು ಬರ್ದ್ಕೊಡ್ಲಾ. ನಮ್ ಕೂಸು, ಅದರ ಮರಿ. ಕಣ್ ಮಂಜಾಗ್ತಾ ಐತೆ, ಇನ್ನ ಗೋಮಾಳದ ತಂಕ ನಡೆಯಕ್ಕಾಗಲ್ಲ" ಎಂದಳು.

ಕೆಮ್ಮಣ್ಣು ಕಲಸಿಕೊಂಡು ಗೋಡೆಯ ಮುಂದೆ ಕೂತೆ. ಬೆನ್ನಿನ ಗೆರೆಯೇನೋ ಬಂತು. ಕಾಲು ಬರೆಯಲು ಹೋದಾಗ ಕೈ ನಿಂತಿತು. ಆ ನಾಲ್ಕು ತಿಂಗಳು ದಿನವೂ ನನ್ನ ಮುಂದೆ ಇದ್ದ ಪ್ರಾಣಿ. ಅದು ತಾನಾಗಿ ಹೇಗೆ ನಿಲ್ಲುತ್ತಿತ್ತು ಎಂಬುದೇ ನನಗೆ ನೆನಪಿಗೆ ಬರಲೊಲ್ಲದು. ನಾನು ನೋಡಿದ್ದದ್ದು ಪರದೆಯ ಮುಂದೆ ಅದು ಒಪ್ಪುತ್ತದೋ ಇಲ್ಲವೋ ಎಂಬುದನ್ನು ಮಾತ್ರ. ನೆನಪಿದ್ದದ್ದು ಹೊಟ್ಟೆಯ ಕೆಳಗೆ ಕೈ ಕೊಟ್ಟು ನಾನು ಊರಿಸಿದ ಆ ಕಾಲುಗಳೇ.

"ಅಕ್ಕಾ, ಅದು ಇಂಡಿಗೆ ಸೇರಲಿಲ್ಲ" ಎಂದೆ.

ಎಲ್ಲವನ್ನೂ ಹೇಳಿದೆ. ಹರಿತಾಳ, ಉಪ್ಪು, ಕೊನೆಯ ಫೋಟೋ, ಮರಳು ದಿಬ್ಬ. ಅವಳು ಕಂಬಕ್ಕೆ ಒರಗಿ ಕೂತು ಕೇಳಿದಳು. ನಾನು ನಿಲ್ಲಿಸಿದ ಮೇಲೆ ಕೇಳಿದಳು:

"ಅದು ನೆಕ್ಕಿದ್ದನ್ನ ನೀನು ನೋಡ್ದ್ಯಾ?"

"ನೋಡ್ದೆ."

"ಎಷ್ಟ್ ಸಲ?"

"ಮೂರು ಸಲ."

ಅವಳು ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಸಂಜೆಯಾದರೂ ಹೊರಗೆ ಬರಲಿಲ್ಲ. ಭಾವ ಬಂದು, "ನೀನೀಗ ಓಗಪ್ಪಾ, ರೈಲಿಗೆ ಒತ್ತಾಗ್ತದೆ" ಎಂದರು. ಗೋಡೆಯ ಮೇಲೆ ಎಳೆದಿದ್ದ ಕೆಮ್ಮಣ್ಣಿನ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಂದೆ.

ಆಮೇಲೆ ಅವಳು ಗೋಮಾಳದ ಕಡೆ ಹೋಗಲಿಲ್ಲ, ಬಲೆ ಕಟ್ಟುವವರನ್ನು ಬೈಯಲೂ ಇಲ್ಲ. ಕಣ್ಣು ಮಂಜಾಗಿತ್ತು, ಕಾಲು ಸೋತಿತ್ತು, ಅದೂ ನಿಜ. ಎರಡು ವರ್ಷದೊಳಗೆ ಆ ಹಿಂಡು ಇಲ್ಲವಾಯಿತು. ಮೋಟಾರಿನಲ್ಲಿ ಬಂದು ಗುಂಡು ಹೊಡೆದವರೂ ಇದ್ದರು, ಬಲೆ ಕಟ್ಟಿದವರೂ ಇದ್ದರು. ಧಾನ್ಯ ಬೆಳೆಯಬೇಕೆಂದು ಗೋಮಾಳದ ಅರ್ಧಕ್ಕೆ ನೇಗಿಲೂ ಬಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಅವು ಹೋಗುತ್ತಿದ್ದವು ಎಂದು ಭಾವ ಹೇಳುತ್ತಾರೆ. ಇರಬಹುದು. ಅವಳಿಗೆ ಹೇಳಿದ್ದು ಅವಳಿಗಾಗಿಯೋ, ನನ್ನ ಎದೆ ಹಗುರವಾಗಲೆಂದೋ ಎಂದು ಕೇಳಿಕೊಂಡರೆ ಎರಡನೆಯದೇ ನಿಜವೆನಿಸುತ್ತದೆ. ಹಗುರವೇನೂ ಆಗಲಿಲ್ಲ.

ಹೇಳಿದ ಮೇಲೆ ಒಂದು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ಮುಂದಿನ ಹಬ್ಬಕ್ಕೆ ಭಾವನೇ ಬಂದು ಕರೆದುಕೊಂಡು ಹೋದರು. ಅಕ್ಕ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. "ಬನ್ನಿ, ಕೂತ್ಕೊಳ್ಳಿ" ಎಂದಳು. ಭಾವ ಆಗಲೇ ಒಳಗೆ ಹೋಗಿದ್ದರು. ನನ್ನ ಹಿಂದೆ ಬೇರೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅಂದಿನಿಂದ ಹಾಗೆಯೇ. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನಿಗೆ ಮುದ್ದೆ ಬಡಿಸುವಾಗ "ಇನ್ನೊಂದು ಆಕ್ಸ್ಕೊಳ್ಲಾ" ಎನ್ನುತ್ತಿದ್ದವಳು ಈಗ "ಇನ್ನೊಂದು ಆಕ್ಸ್ಕೊಳ್ಳಿ" ಎನ್ನುತ್ತಾಳೆ. ಸಿಟ್ಟಿಲ್ಲ, ಮುಖ ಗಂಟಿಲ್ಲ. ಊರಿಗೆ ಬಂದ ಯಾರೋ ದೊಡ್ಡವರಿಗೆ ಕೊಡುವ ಮರ್ಯಾದೆ ಕೊಡುತ್ತಾಳೆ. ಮಳೆಯ ಮಾತು, ರಾಗಿಯ ಮಾತು ಆಡುತ್ತೇವೆ. ನನ್ನ ಕೆಲಸದ ಬಗ್ಗೆ ಅವಳು ಕೇಳುವುದಿಲ್ಲ. ಹಬ್ಬ ತಪ್ಪದೆ ಹೋಗುತ್ತೇನೆ, ಬಡಿಸಿದ್ದನ್ನು ಉಣ್ಣುತ್ತೇನೆ, ಸಂಜೆಯ ರೈಲಿಗೆ ಹೊರಡುತ್ತೇನೆ. ಹೊರಡುವಾಗ ಅವಳು ಹೊಸ್ತಿಲಲ್ಲಿ ನಿಂತು "ಓಗಿ ಬನ್ನಿ" ಎನ್ನುತ್ತಾಳೆ.